ಅಪ್ಪನ ಪಿಎಸ್‌ಎ 9 ಬಂದಿದೆ, ಬಯಾಪ್ಸಿ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಅಪ್ಪನಿಗೆ 66 ವರ್ಷ, ಸೇಡಂ ಹತ್ತಿರದ ಹಳ್ಳಿ, ಸೂಜಿ ತಾಗಿದರೆ ಗಡ್ಡೆ ಹರಡುತ್ತೆ ಅಂತ ಯಾರೋ ಹೇಳಿದ್ದಾರೆ, ಆಮೇಲೆ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿಲ್ಲ ಅಂತ ಬರೆದಿದ್ದೀರಿ. ನಾನು ಕಲಬುರಗಿಯವನು, ವಯಸ್ಸು 68. ಐದು ವರ್ಷದ ಹಿಂದೆ ನಾನೂ ಹೀಗೇ ಬಾಯಿ ಬಿಗಿದು ಕೂತಿದ್ದೆ.

ಮೊದಲು ಆ 9ರ ಮಾತು. ಪಿಎಸ್‌ಎ ಅಂದರೆ ಪ್ರಾಸ್ಟೇಟ್, ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿ, ಹೇಗಿದೆ ಅಂತ ನೋಡಲು ಮಾಡುವ ರಕ್ತಪರೀಕ್ಷೆ. 4 ದಾಟಿದರೆ ಡಾಕ್ಟರು ಮುಂದೆ ನೋಡೋಣ ಅನ್ನುತ್ತಾರೆ, ನಿಜ. ಆದರೆ 4ರಿಂದ 10ರ ಒಳಗೆ ಬಂದವರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ವಯಸ್ಸಿಗೆ ಪ್ರಾಸ್ಟೇಟ್ ದೊಡ್ಡದಾದರೂ, ಮೂತ್ರದ ಸೋಂಕಾದರೂ, ಮೂತ್ರಕ್ಕೆ ಪೈಪ್ ಹಾಕಿದ್ದರೂ ಪಿಎಸ್‌ಎ ಏರುತ್ತದೆ. ಸೋಂಕಿದ್ದರೆ ವಾಸಿ ಮಾಡಿಸಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಡಿಸಿ. ದೊಡ್ಡದಾದ ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆ ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ. ಆರು ತಿಂಗಳಲ್ಲಿ ಅವು ಪಿಎಸ್‌ಎಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಆಗ ಆ 9ನ್ನು 18 ಅಂತ ಓದಬೇಕಾಗುತ್ತದೆ.

ಬಯಾಪ್ಸಿ ಅಂದರೆ ಸೂಜಿಯಿಂದ ಪ್ರಾಸ್ಟೇಟಿನ ಚೂರು ತೆಗೆದು ಪರೀಕ್ಷಿಸುವುದು. ಅದಕ್ಕೆ ಮುಂಚೆ ಎಂಆರ್‌ಐ ಸ್ಕ್ಯಾನ್ ಆಗುತ್ತದಾ ಅಂತ ಕೇಳಿ. ಸೂಜಿಯಿಂದ ಹರಡುತ್ತದೆ ಅನ್ನುವ ಭಯಕ್ಕೆ ಆಧಾರ ಇಲ್ಲ. ಆ ಮಾತು ನಂಬಿ ನಾನು ಎಂಟು ತಿಂಗಳು ಸುಮ್ನೆ ಕಳೆದೆ, ಈಗಲೂ ಹೊಟ್ಟೆ ಉರಿಯುತ್ತದೆ. ಮರಗಟ್ಟಿಸಿ ಸುಮಾರು 12 ಕಡೆ ಚೂರು ತೆಗೆಯುತ್ತಾರೆ. ಕೆಲವು ದಿನ ಮೂತ್ರ ಕೆಂಪಗೆ ಬರಬಹುದು, ಗಾಬರಿ ಬೇಡ. ಆದರೆ ಚಳಿ ಜ್ವರ ಬಂದರೆ ಬೆಳಗಾಗುವ ತನಕ ಕಾಯಬೇಡಿ, ಅದೇ ರಾತ್ರಿ ದವಾಖಾನೆಗೆ ಹೋಗಿ. ರಕ್ತ ತೆಳುವಾಗುವ ಮಾತ್ರೆ ನಡೆದಿದ್ದರೆ ಮೊದಲೇ ತಿಳಿಸಿ. ಅಕಸ್ಮಾತ್ ಕ್ಯಾನ್ಸರ್ ಅಂತ ಬಂದರೂ ಎಲ್ಲರಿಗೂ ಆಪರೇಷನ್ ಇರಲ್ಲ. ಕ್ಯಾನ್ಸರ್ ಎಷ್ಟು ಜೋರಿದೆ ಅಂತ ಬಯಾಪ್ಸಿಯಲ್ಲಿ ಕೊಡುವ ಅಂಕಕ್ಕೆ ಗ್ಲೀಸನ್ ಅನ್ನುತ್ತಾರೆ. ಅದು ಕಡಿಮೆ, ಅಂದರೆ 6, ಬಂದವರಲ್ಲಿ ಬಹಳಷ್ಟು ಜನರಿಗೆ ಬರೀ ನಿಗಾ ಇಟ್ಟು ನೋಡುತ್ತಾರೆ.

ಇನ್ನು ಅಪ್ಪನ ಮೌನ. ಡಾಕ್ಟರು ನನ್ನನ್ನು "ರಾತ್ರಿ ಎಷ್ಟು ಸಲ ಏಳ್ತೀರಿ?" ಅಂತ ಕೇಳಿದಾಗ "ಒಂದೆರಡು ಸಲ" ಅಂದೆ. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ "ಐದು ಸಲ" ಅಂದಳು. ಹಿತ್ತಲ ಬಾಗಿಲ ಚಿಲಕದ ಸದ್ದು ಎಣಿಸುತ್ತಾ ಅವಳೂ ನಿದ್ದೆಗೆಟ್ಟಿದ್ದಳು. ನಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದು ಅವಳಿಗೆ ಮೊದಲೇ ಗೊತ್ತಿತ್ತು.

ನನಗೆ ರೇಡಿಯೇಷನ್ ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟರು. ಗಂಡಸರ ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ ಅದು. ನಡುರಾತ್ರಿ ಎದೆಯಿಂದ ಮುಖದ ತನಕ ಝಳ ಹೊಡೆದು ಬನಿಯನ್ ತೊಯ್ದುಹೋಗುತ್ತಿತ್ತು. ನಮ್ಮ ಊರಿನ ಬಿಸಿಲು ಅಂತ ಸುಳ್ಳು ಹೇಳಲು ಅದು ಡಿಸೆಂಬರ್. ನಾಚಿಕೆಯಿಂದ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಒಂದು ರಾತ್ರಿ ಅವಳು ಎದ್ದು ಒದ್ದೆ ಟವೆಲ್ ತಂದು ಕತ್ತಿನ ಮೇಲೆ ಇಟ್ಟಳು. "ಮುಟ್ಟು ನಿಲ್ಲುವಾಗ ನನಗೂ ಹೀಗೇ ಆಗುತ್ತಿತ್ತು" ಅಂದಳು. ಮೂವತ್ತೆಂಟು ವರ್ಷ ಜೊತೆಗಿದ್ದೂ ಅವಳ ಆ ದಿನಗಳ ಬಗ್ಗೆ ನಾನು ಒಮ್ಮೆಯೂ ಕೇಳಿರಲಿಲ್ಲ.

ಖರ್ಚಿನ ಚಿಂತೆ ಇದ್ದರೆ: ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ. ಇನ್ನೊಂದು ಮಾತು, ಅಪ್ಪನಿಗೆ ಕ್ಯಾನ್ಸರ್ ಅಂತ ಖಚಿತವಾದರೆ ಮಗನಿಗೆ ಅಪಾಯ ಸುಮಾರು ಎರಡು ಪಟ್ಟು. 45 ಆಗುತ್ತಿದ್ದ ಹಾಗೆ ನೀವೂ ಡಾಕ್ಟರ ಜೊತೆ ಪಿಎಸ್‌ಎ ಬಗ್ಗೆ ಮಾತಾಡಿ. ಹುಮನಾಬಾದಿನ ನನ್ನ ತಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ. ಮಕ್ಕಳ ಮುಂದೆ ಹೇಳಲಾಗದ್ದನ್ನು ಅಪ್ಪ ನನ್ನ ಮುಂದೆ ಹೇಳುತ್ತಾರೆ ಅನ್ನಿಸಿದರೆ ತಿಳಿಸಿ. ಸೇಡಂ ದೂರವೇನಲ್ಲ, ನಾನೇ ಬರುತ್ತೇನೆ.