ರಶ್ಡೂನಿ ಪುಸ್ತಕದಲ್ಲಿ ‘ಏಳು ಬೆಟ್ಟ’ ಯಾಕಿಲ್ಲ?

ಕ್ರೈಸ್ತರು ಸಮಾಜವನ್ನು ಆಳಬೇಕು ಅನ್ನುವ ‘ಡೊಮಿನಿಯನ್’ (ಅಧಿಪತ್ಯ) ವಾದದ ‘ಏಳು ಬೆಟ್ಟ’ ಅನ್ನುವ ಮಾತು ಅಮೆರಿಕದ ದೇವತಾಶಾಸ್ತ್ರಜ್ಞ ರಶ್ಡೂನಿಯ ಪುಸ್ತಕದಲ್ಲಿ ಯಾಕೆ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಈ ವಾದದ ಎರಡು ಬೇರೆ ಪಂಗಡಗಳನ್ನು ನೀವು ಒಂದೇ ಅಂದುಕೊಂಡಿದ್ದೀರಿ, ಅದಕ್ಕೇ ಸಿಗುತ್ತಿಲ್ಲ. ಮೊದಲು ಬೈಬಲಿನ ಆದಿಕಾಂಡ 1:28 ನೋಡಿ. ಭೂಮಿಯನ್ನು ಆಳಿ ಅನ್ನುವ ಅಪ್ಪಣೆಯೇ ಎರಡೂ ಪಂಗಡಗಳಿಗೆ ಮೂಲ.

ಆಮೇಲೆ ರಶ್ಡೂನಿ. ಕಟ್ಟಾ ಕ್ಯಾಲ್ವಿನಿಸ್ಟ್, ಅಂದರೆ ಸುಧಾರಕ ಕ್ಯಾಲ್ವಿನ್‌ನ ಬೋಧನೆ ಅನುಸರಿಸುವ ಪ್ರಾಟೆಸ್ಟಂಟ್. ಮೋಶೆಯ ಕಾನೂನೇ ಸಮಾಜದ ಕಾನೂನಾಗಬೇಕು ಅಂತ 1973ರಲ್ಲಿ ದಪ್ಪ ಪುಸ್ತಕ ಬರೆದವರು. ಅದನ್ನು ಪೂರ್ತಿ ಒಪ್ಪಿದವರು ಕಡಿಮೆ. ಆದರೆ ಅಮೆರಿಕದ ಹೋಮ್‌ಸ್ಕೂಲಿಂಗ್ (ಮಕ್ಕಳಿಗೆ ಮನೆಯಲ್ಲೇ ಪಾಠ) ಕೇಸುಗಳಲ್ಲಿ ಅವರೇ ಸಾಕ್ಷಿ ಹೇಳಿದ್ದರು. ನನ್ನ ಪ್ರಕಾರ ಅವರ ಪ್ರಭಾವ ಜಾಸ್ತಿ ಉಳಿದದ್ದು ಅಲ್ಲೇ.

‘ಏಳು ಬೆಟ್ಟ’ಕ್ಕೆ ಲ್ಯಾನ್ಸ್ ವಾಲ್ನೌ, ಪೀಟರ್ ವ್ಯಾಗ್ನರ್ ಕಡೆ ಹೋಗಿ. ಇವರು ಕ್ಯಾರಿಸ್ಮ್ಯಾಟಿಕ್‌ಗಳು, ಅಂದರೆ ಪ್ರವಾದನೆಯಂಥ ಪವಿತ್ರಾತ್ಮನ ವರಗಳು ಇಂದಿಗೂ ಇವೆ ಅಂತ ನಂಬುವ ಕ್ರೈಸ್ತರು. ಸರ್ಕಾರ, ಶಿಕ್ಷಣ, ಮಾಧ್ಯಮದಂಥ ಏಳು ಕ್ಷೇತ್ರಗಳಲ್ಲಿ (ಇವೇ ಆ ‘ಬೆಟ್ಟ’ಗಳು) ಪ್ರಭಾವ ಹಿಡಿಯಬೇಕು ಅನ್ನುವವರು.

ನಿಮ್ಮ ಹತ್ತಿರವಿರುವ ಭಾಷಣದಲ್ಲಿ ‘ಅಪೊಸ್ತಲ’, ‘ಪ್ರವಾದಿ’ ಅಂತಿದ್ದರೆ ಬಹುಶಃ ಎರಡನೇ ಗುಂಪು. ಬರೀ ‘ಡೊಮಿನಿಯನ್’ ಅಂತಿದ್ದರೆ ಅಷ್ಟರಿಂದಲೇ ಹೇಳಲಾಗುವುದಿಲ್ಲ.