ರಕ್ತನಾಳಕ್ಕೆ ಸುಣ್ಣ ಕಟ್ಟಿದೆ, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಆರು ವರ್ಷಗಳಿಂದ ದಾವಣಗೆರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಕಳೆದ ತಿಂಗಳು ಹೊಟ್ಟೆಯ ಎಕ್ಸ್-ರೇ ನೋಡಿದ ವೈದ್ಯರು ರಕ್ತನಾಳಗಳಿಗೆ ಸುಣ್ಣ ಕಟ್ಟಿದೆ, ಹೃದಯವನ್ನೂ ಪರೀಕ್ಷಿಸಬೇಕು ಎಂದರು. ಅವರು ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯಿಂದಲೇ ಹೀಗಾಗಿದೆ ಎಂದು ನೆಂಟರು ಹೇಳಿದ್ದರಿಂದ ಅದನ್ನು ನಿಲ್ಲಿಸಿದ್ದೇವೆ. ರಾಗಿ ಮುದ್ದೆಯನ್ನೂ ಬಿಡಬೇಕೇ? ಕಟ್ಟಿದ ಸುಣ್ಣ ಕರಗುವುದೇ?
– ಓದುಗರು, ಹೊನ್ನಾಳಿ

ಉತ್ತರ: ತಾಯಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿರುವುದು ನನಗೆ ಆತಂಕ ತಂದಿದೆ. ಆ ಮಾತ್ರೆಯನ್ನು ಕೊಟ್ಟಿರುವುದು ಮುಖ್ಯವಾಗಿ ಮೂತ್ರಪಿಂಡ ಕೆಟ್ಟವರ ಮೈಯಲ್ಲಿ ಹೊರಹೋಗದೆ ಉಳಿಯುವ, ಊಟದಲ್ಲಿರುವ ಫಾಸ್ಫರಸ್ ಎಂಬ ಖನಿಜವನ್ನು ಕರುಳಿನಲ್ಲಿಯೇ ಹಿಡಿದಿಟ್ಟು ಮಲದೊಂದಿಗೆ ಹೊರಹಾಕಲೆಂದು. ಆದ್ದರಿಂದಲೇ ಅದನ್ನು ಊಟದ ನಡುವೆ ಅಥವಾ ಊಟದೊಂದಿಗೇ ನುಂಗಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ಫಾಸ್ಫರಸ್ ತಡೆಯುವ ಕೆಲಸ ಆಗುವುದಿಲ್ಲ, ಕ್ಯಾಲ್ಸಿಯಂ ಮಾತ್ರ ರಕ್ತಕ್ಕೆ ಸೇರುತ್ತದೆ. ನಿಮ್ಮ ನೆಂಟರ ಮಾತು ಪೂರ್ತಿ ತಪ್ಪೂ ಅಲ್ಲ. ಇಂಥ ಮಾತ್ರೆಗಳ ಪ್ರಮಾಣವನ್ನು ಮಿತಿಯಲ್ಲಿಡಬೇಕೆಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸೂಚಿಸಿದೆ. ಕ್ಯಾಲ್ಸಿಯಂ ಇಲ್ಲದ ಸೆವೆಲಮರ್ ಎಂಬ ಮಾತ್ರೆಯೂ ಇದೆ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಂಭಿಸದಿದ್ದರೆ ಫಾಸ್ಫರಸ್ ಏರುತ್ತಲೇ ಹೋಗುತ್ತದೆ.

ನಮ್ಮ ಸೀಮೆಯ ಕೊಳವೆಬಾವಿಯ ಗಡಸು ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದನ್ನು ನೀವು ನೋಡಿರುತ್ತೀರಿ. ರಕ್ತನಾಳದಲ್ಲಿಯೂ ಹಾಗೆಯೇ ಆಗುತ್ತದೆಂದು ಹಲವರು ಭಾವಿಸುತ್ತಾರೆ, ಆದರೆ ಇಲ್ಲಿ ನಡೆಯುವುದು ಬೇರೆ. ಫಾಸ್ಫರಸ್ ಬಹುಕಾಲ ಹೆಚ್ಚಾಗಿದ್ದಾಗ ನಾಳದ ಗೋಡೆಯ ಸ್ನಾಯುಕೋಶಗಳು ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು, ಮೂಳೆ ಕಟ್ಟುವ ಕೋಶಗಳಂತೆ ವರ್ತಿಸಲಾರಂಭಿಸುತ್ತವೆ. ಕೊಬ್ಬು ಕಟ್ಟಿದಾಗ ನಾಳದ ಒಳದಾರಿ ಕಿರಿದಾಗುತ್ತದೆ. ಇಲ್ಲಿ ಹೆಚ್ಚಾಗಿ ಗೋಡೆಯ ನಡುಪದರವೇ ಗಟ್ಟಿಯಾಗುತ್ತದೆ. ಹಿಗ್ಗಿ ಕುಗ್ಗಬೇಕಾದ ಮಹಾಧಮನಿ ಬಿಗಿಯಾದಾಗ ಹೃದಯವು ಪ್ರತಿ ಬಡಿತದಲ್ಲಿಯೂ ಹೆಚ್ಚು ಒತ್ತಡದಿಂದ ರಕ್ತವನ್ನು ನೂಕಬೇಕಾಗಿ, ಅದರ ಎಡಭಾಗದ ಸ್ನಾಯು ದಪ್ಪವಾಗುತ್ತದೆ. ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದ್ರೋಗವೇ ಅತಿ ದೊಡ್ಡ ಕಾರಣವಾಗಿರುವುದರಲ್ಲಿ ಇದರ ಪಾಲೂ ಇದೆ. ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯನ್ನು ಮುಂದೂಡಬೇಡಿ. ಕವಾಟಗಳಿಗೂ ಸುಣ್ಣ ಕಟ್ಟಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ.

ಈಗ ಒಂದು ಲೆಕ್ಕ ನೋಡಿ. ದಿನದ ಊಟದಿಂದ ಸುಮಾರು 600 ಮಿಲಿಗ್ರಾಂ ಫಾಸ್ಫರಸ್ ರಕ್ತಕ್ಕೆ ಸೇರಿದರೂ ವಾರಕ್ಕೆ 4,200 ಆಯಿತು. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ಹೊರತೆಗೆಯುವುದು ಸುಮಾರು 800ರಿಂದ 1,000 ಮಿಲಿಗ್ರಾಂ. ವಾರಕ್ಕೆ ಎರಡೇ ಸಲವಾದರೆ ಅರ್ಧಕ್ಕಿಂತ ಹೆಚ್ಚು ಮೈಯಲ್ಲೇ ಉಳಿಯಿತು. ಓಡಾಟದ ಖರ್ಚು, ಕೂಲಿ ತಪ್ಪುವ ಕಷ್ಟ ನನಗೆ ಗೊತ್ತಿದೆ. ಆದರೂ ಮೂರನೆಯ ಸಲಕ್ಕೆ ಅವಕಾಶವಿದೆಯೇ ಎಂದು ಕೇಳಲೇಬೇಕು, ಬಸ್ಸು ತಪ್ಪೀತೆಂದು ಅರ್ಧ ಗಂಟೆ ಮೊದಲೇ ಯಂತ್ರದಿಂದ ಬಿಡಿಸಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು.

ಮುದ್ದೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ರಾಗಿ, ಬೇಳೆಗಳ ಫಾಸ್ಫರಸ್ ಬಹುಪಾಲು ಫೈಟೇಟ್ ಎಂಬ, ಸುಲಭವಾಗಿ ಜೀರ್ಣವಾಗದ ರೂಪದಲ್ಲಿರುವುದರಿಂದ ನಮ್ಮ ಕರುಳು ಅದನ್ನು ಪೂರ್ತಿ ಹೀರಿಕೊಳ್ಳಲಾರದು. ರಕ್ತದ ಪೊಟ್ಯಾಸಿಯಂ ಮಟ್ಟ ನೋಡಿಕೊಂಡು ಅಳತೆಯನ್ನು ಆಹಾರ ತಜ್ಞರು ಹೇಳುತ್ತಾರೆ. ಕೋಲಾ ಪಾನೀಯ, ಸಂಸ್ಕರಿಸಿದ ಚೀಸ್ ಮುಂತಾದವುಗಳಿಗೆ ಬೆರೆಸುವ ಫಾಸ್ಫೇಟ್ (ಫಾಸ್ಫರಸ್‌ನ ಲವಣ) ಮಾತ್ರ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಅರ್ಧ ಲೀಟರ್ ಹಾಲಿನಲ್ಲಿಯೂ 450 ಮಿಲಿಗ್ರಾಂನಷ್ಟು ಫಾಸ್ಫರಸ್ ಇರುತ್ತದೆ.

ಕಟ್ಟಿದ ಸುಣ್ಣವನ್ನು ಕರಗಿಸುವ ಖಚಿತವಾದ ಔಷಧಿ ಇಂದಿಗೂ ಇಲ್ಲ. ಅದು ಬೆಳೆಯುವ ವೇಗವನ್ನು ತಗ್ಗಿಸಲು ಪ್ರಯತ್ನಿಸಬಹುದು. ಮುಂದಿನ ಡಯಾಲಿಸಿಸ್ ದಿನವೇ ಮಾತ್ರೆಯ ಪಟ್ಟಿಯನ್ನೂ ಫಾಸ್ಫರಸ್, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಮಟ್ಟವನ್ನು ನಿಯಂತ್ರಿಸುವ ಹಾರ್ಮೋನು) ವರದಿಗಳನ್ನೂ ಮೂತ್ರಪಿಂಡ ತಜ್ಞರಿಗೆ ತೋರಿಸಿ, ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ. ಈ ನಡುವೆ ಎದೆನೋವು ಬಂದರೆ, ಅಥವಾ ಮಲಗಿದಾಗ ಉಸಿರು ಕಟ್ಟಿದಂತಾದರೆ, ಡಯಾಲಿಸಿಸ್ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.