ಹೊಸ ವಿಂಡೋಸ್ ಬಂದ ಮೇಲೆ ಪರದೆಯ ಬೆಳಕು ಹಿಡಿತಕ್ಕೆ ಸಿಗದಿದ್ದರೆ

ಪ್ರಶ್ನೆ: ಮಾನ್ಯರೇ, ನಾನು ಆಳಂದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ತಿಳಿದು ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸಿದೆ. ಅಂದಿನಿಂದ ಪರದೆ ಪೂರ್ತಿ ಪ್ರಖರವಾಗಿಯೇ ಉರಿಯುತ್ತದೆ. ಬೆಳಕು ಇಳಿಸುವ ಪಟ್ಟಿ ಮಾಯವಾಗಿದೆ, ಕೀಬೋರ್ಡಿನ ಕೀಗಳೂ ಕೆಲಸ ಮಾಡುವುದಿಲ್ಲ. ರಾತ್ರಿ ಅಂಕಪಟ್ಟಿ ತುಂಬುವಾಗ ಕಣ್ಣು ನೋಯುತ್ತದೆ. ಕರೆಂಟ್ ಹೋದರೆ ಬ್ಯಾಟರಿ ಬಹಳ ಹೊತ್ತು ನಿಲ್ಲುವುದಿಲ್ಲ. ಕಲಬುರಗಿಯ ರಿಪೇರಿ ಅಂಗಡಿಯವರು ಸ್ಕ್ರೀನನ್ನೇ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇ?

ಉತ್ತರ: ದಯವಿಟ್ಟು ಬದಲಿಸಬೇಡಿ. ನೀವು ಬರೆದಿರುವ ಲಕ್ಷಣಗಳು ಸ್ಕ್ರೀನ್ ಕೆಟ್ಟಿರುವುದನ್ನಲ್ಲ, ಡ್ರೈವರ್ ತಪ್ಪಿಹೋಗಿರುವುದನ್ನು ಸೂಚಿಸುತ್ತವೆ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಹಿಂದಿರುವ ಎಲ್‌ಇಡಿ ದೀಪಗಳು, ಅಂದರೆ ಬ್ಯಾಕ್‌ಲೈಟ್, ಅದನ್ನು ಬೆಳಗಿಸುತ್ತವೆ. ಆ ದೀಪಗಳು ಎಷ್ಟು ಉರಿಯಬೇಕೆಂಬ ಆದೇಶವನ್ನು ಗ್ರಾಫಿಕ್ಸ್ ಚಿಪ್ಪಿಗೆ ಮುಟ್ಟಿಸುವುದು ಡ್ರೈವರ್ ಎಂಬ ತಂತ್ರಾಂಶ. ನಿಮ್ಮ ಪರದೆ ಪೂರ್ತಿ ಉರಿಯುತ್ತಿದೆ ಎಂದಮೇಲೆ ದೀಪಗಳು ಚೆನ್ನಾಗಿಯೇ ಇವೆ. ಲಾಟೀನು ಉರಿಯುತ್ತಿದ್ದು ಬತ್ತಿ ತಿರುಗಿಸುವ ಕೀಲಿ ಮಾತ್ರ ಕಳೆದುಹೋದ ಹಾಗೆ.

ಹೊಸ ವಿಂಡೋಸಿಗೆ ನಿಮ್ಮ ಚಿಪ್ಪಿಗೆ ಹೊಂದುವ ಡ್ರೈವರ್ ಸಿಗದಿದ್ದಾಗ ಅದು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ತಾತ್ಕಾಲಿಕ ಡ್ರೈವರನ್ನು ಕೂಡಿಸಿಕೊಂಡು ಚಿತ್ರವನ್ನೇನೋ ತೋರಿಸುತ್ತದೆ, ಆದರೆ ಬೆಳಕನ್ನು ಏರಿಳಿಸುವ ಶಕ್ತಿ ಸಾಮಾನ್ಯವಾಗಿ ಅದಕ್ಕಿರುವುದಿಲ್ಲ. ಇದನ್ನು ನೀವೇ ನೋಡಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದನ್ನು ಬಿಡಿಸಿರಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರಿನ ಬದಲು ಮೇಲೆ ಹೇಳಿದ ಬೇಸಿಕ್ ಹೆಸರು ಇದ್ದರೆ ಕಾರಣ ಸಿಕ್ಕಿತು. ಹೆಸರು ಸರಿಯಾಗಿಯೇ ಇದ್ದರೆ, ಅದೇ ಕಿಟಕಿಯಲ್ಲಿ ಮಾನಿಟರ್ಸ್ ಎಂಬುದರ ಕೆಳಗಿನ ಜೆನೆರಿಕ್ ಪಿಎನ್‌ಪಿ ಮಾನಿಟರ್ ನಿಷ್ಕ್ರಿಯವಾಗಿದೆಯೇ ಎಂದು ನೋಡಿ ಎನೇಬಲ್ ಮಾಡಿ. ಇಷ್ಟರಿಂದಲೇ ಪಟ್ಟಿ ಮರಳಿ ಬರುವುದುಂಟು.

ಡ್ರೈವರನ್ನು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಯಂತ್ರದ ತಳಭಾಗದ ಚೀಟಿಯಲ್ಲಿರುವ ಮಾಡೆಲ್ ಅಥವಾ ಸೀರಿಯಲ್ ಸಂಖ್ಯೆ ಕೊಟ್ಟರೆ ಸರಿಯಾದ ಗ್ರಾಫಿಕ್ಸ್ ಡ್ರೈವರ್ ಸಿಗುತ್ತದೆ. ಹಳೆಯ ಮಾಡೆಲ್ಲಿಗೆ ವಿಂಡೋಸ್ 11ರ ಡ್ರೈವರನ್ನು ಕಂಪನಿ ಕೊಟ್ಟಿರದಿದ್ದರೆ, ಅದೇ ಮಾಡೆಲ್ಲಿನ ವಿಂಡೋಸ್ 10ರ 64 ಬಿಟ್ ಡ್ರೈವರ್ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಹಾಕಿದ ಮೇಲೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಲೇಬೇಕು. ಎಲ್ಲ ಡ್ರೈವರುಗಳನ್ನೂ ಉಚಿತವಾಗಿ ಸರಿಪಡಿಸುತ್ತೇವೆಂದು ಜಾಹೀರಾತು ಕೊಡುವ ಪ್ರೋಗ್ರಾಮುಗಳನ್ನು ಹತ್ತಿರ ಸೇರಿಸಬೇಡಿ. ಅವುಗಳಿಂದ ಕೆಟ್ಟ ಯಂತ್ರಗಳನ್ನು ಸರಿಮಾಡುವುದು ಮೂಲ ತೊಂದರೆಗಿಂತ ಕಷ್ಟ.

ಡ್ರೈವರ್ ಸರಿಯಾಗಿ ಪಟ್ಟಿ ಮರಳಿಯೂ ಕೀಗಳು ಮಾತ್ರ ಸುಮ್ಮನಿದ್ದರೆ, ಆ ಕೀಗಳಿಗಾಗಿ ಕಂಪನಿ ಬೇರೆಯಾಗಿ ಕೊಡುವ ಹಾಟ್‌ಕೀ ತಂತ್ರಾಂಶವನ್ನು ಅದೇ ಪುಟದಿಂದ ಹಾಕಿಕೊಳ್ಳಿ. ಅದೇ ಪುಟದಲ್ಲಿ ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದ ಪರಿಷ್ಕರಣೆಯೂ ಕಾಣಬಹುದು. ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಮಾಡುವುದೇ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಜೋಡಿಸಿರಲಿ. ಕರೆಂಟ್ ಹೇಳದೆ ಹೋಗುವ ನಮ್ಮ ಊರುಗಳಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಬಯಾಸ್ ಬರೆಯುವಾಗ ಯಂತ್ರ ಆರಿದರೆ ಅದು ಮತ್ತೆ ಏಳದಿರಬಹುದು.

ಸ್ಕ್ರೀನ್ ನಿಜವಾಗಿ ಕೆಟ್ಟಾಗಿನ ಗುರುತು ಬೇರೆ. ಪರದೆ ಕಪ್ಪಾಗಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಮಸುಕಾದ ಚಿತ್ರ ಕಂಡರೆ, ಯಂತ್ರ ಶುರುವಾಗುವಾಗ ಬರುವ ಕಂಪನಿಯ ಗುರುತೂ ಹಾಗೆಯೇ ಮಸುಕಾಗಿದ್ದರೆ, ಬ್ಯಾಕ್‌ಲೈಟ್ ಅಥವಾ ಅದರ ಕೇಬಲ್ ಕೆಟ್ಟಿರಬಹುದು. ವಿಂಡೋಸ್ ಇನ್ನೂ ತೆರೆಯದ ಆ ಹಂತದಲ್ಲಿ ಡ್ರೈವರಿನ ಪಾತ್ರವೇ ಇರುವುದಿಲ್ಲ.

ಹಿಂದಿನ ವಿಂಡೋಸಿಗೆ ಮರಳುವ ಅವಕಾಶ ಅಪ್‌ಗ್ರೇಡ್ ಆದ ಮೊದಲ 10 ದಿನ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ಇರುತ್ತದೆ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಉಚಿತ ಸುರಕ್ಷತಾ ಪರಿಷ್ಕರಣೆ, 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ, ಮಕ್ಕಳ ವಿವರಗಳನ್ನು ಇಟ್ಟುಕೊಂಡಿರುವ ಯಂತ್ರಕ್ಕೆ ಆ ದಾರಿಯನ್ನು ನಾನು ಸೂಚಿಸಲಾರೆ.

ಪ್ರಶ್ನೆ: ಬಿಳಿ ಪುಟ ತೆರೆದರೆ ಬೆಳಕು ಏರುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಕೋಡ್ ಬರೆಯುವಾಗ ತಾನಾಗಿ ಇಳಿಯುತ್ತದೆ. ಅಪ್‌ಗ್ರೇಡ್‌ಗೆ ಮೊದಲು ಹೀಗಿರಲಿಲ್ಲ. — ಎಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಉತ್ತರ: ಇದು ದೋಷವಲ್ಲ, ಬ್ಯಾಟರಿ ಉಳಿಸುವ ವ್ಯವಸ್ಥೆ. ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಬ್ರೈಟ್‌ನೆಸ್ ಎಂಬಲ್ಲಿಗೆ ಹೋಗಿ, ಪರದೆಯಲ್ಲಿರುವುದಕ್ಕೆ ತಕ್ಕಂತೆ ಬೆಳಕು ಬದಲಿಸುವ ಆಯ್ಕೆಯನ್ನು ಆಫ್ ಮಾಡಿ. ಅಲ್ಲಿಗೂ ನಿಲ್ಲದಿದ್ದರೆ ಗ್ರಾಫಿಕ್ಸ್ ಕಂಪನಿಯ ಆ್ಯಪ್ ತೆರೆಯಿರಿ: ಎಎಂಡಿಯಲ್ಲಿ ವ್ಯಾರಿ-ಬ್ರೈಟ್ ಎಂಬುದನ್ನೂ, ಇಂಟೆಲ್‌ನಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್ ಎಂಬುದನ್ನೂ ಆಫ್ ಮಾಡಬೇಕು.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಗೆಯ ಉಬುಂಟು ಇದೆ. 22.04ರಿಂದ 24.04ಕ್ಕೆ ಬಂದ ಮೇಲೆ ಕೀ ಒತ್ತಿದರೆ ಪಟ್ಟಿ ಸರಿಯುತ್ತದೆ, ಬೆಳಕು ಬದಲಾಗುವುದಿಲ್ಲ. — ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಒಂದೇ ದೀಪಕ್ಕೆ ಎರಡು ನಿಯಂತ್ರಣಗಳು ನೋಂದಣಿಯಾಗಿ, ಪಟ್ಟಿ ತಪ್ಪಾದುದಕ್ಕೆ ಆದೇಶ ಕೊಡುತ್ತಿರುವ ಸಾಧ್ಯತೆ ಹೆಚ್ಚು. ಸಿಸ್ ಫೋಲ್ಡರಿನ ಕ್ಲಾಸ್ ಎಂಬುದರೊಳಗೆ ಬ್ಯಾಕ್‌ಲೈಟ್ (/sys/class/backlight) ತೆರೆದು ನೋಡಿ; ಎಸಿಪಿಐ ವಿಡಿಯೋ ಮತ್ತು ಇಂಟೆಲ್ ಬ್ಯಾಕ್‌ಲೈಟ್ ಎರಡೂ ಇದ್ದರೆ ಊಹೆ ನಿಜ. ಯಂತ್ರ ಶುರುವಾಗುವಾಗ ಉಬುಂಟುವನ್ನು ತೆರೆಯುವ ಗ್ರಬ್ ಎಂಬ ತಂತ್ರಾಂಶದ ಮೆನುವಿನಲ್ಲಿ 'ಇ' (e) ಅಕ್ಷರ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ 'ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್' (acpi_backlight=native) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ, ಎಫ್10 ಒತ್ತಿರಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ ಉಳಿಯುವುದರಿಂದ ಹೆದರುವ ಕಾರಣವಿಲ್ಲ. ಫಲ ಸಿಗದಿದ್ದರೆ ನೇಟಿವ್ ಬದಲು ವೆಂಡರ್ (vendor) ಎಂದು ಹಾಕಿ ನೋಡಿ. ಯಾವುದು ಕೆಲಸ ಮಾಡಿತೋ ಅದನ್ನು ಇಟಿಸಿ ಫೋಲ್ಡರಿನ ಡಿಫಾಲ್ಟ್ ಎಂಬುದರೊಳಗಿನ ಗ್ರಬ್ ಕಡತದಲ್ಲಿ (/etc/default/grub), 'ಕ್ವೈಯೆಟ್ ಸ್ಪ್ಲ್ಯಾಶ್' (quiet splash) ಪದಗಳ ಪಕ್ಕ, ಉದ್ಧರಣ ಚಿಹ್ನೆಯ ಒಳಗೇ ಬರೆದು ಉಳಿಸಿ, ಟರ್ಮಿನಲ್ಲಿನಲ್ಲಿ 'ಸೂಡೋ ಅಪ್‌ಡೇಟ್-ಗ್ರಬ್' (sudo update-grub) ಆದೇಶ ಕೊಟ್ಟು ರೀಸ್ಟಾರ್ಟ್ ಮಾಡಿ.